ಕೈ ಎತ್ತಿದರೆ ನಿಲ್ಲುವ ಹಾಡು

ಪುಂಡಲೀಕ ಮಾಸ್ತರರು ಹಿಂದಕ್ಕೆ ನಡೆಯುತ್ತಿದ್ದರು. ಒಂದೆರಡು ಹೆಜ್ಜೆಯ ಮಾತಲ್ಲ. ಖಾನಾಪುರದ ಸ್ಟೇಷನ್ ರಸ್ತೆಯಿಂದ ಪೇಟೆಯ ತುದಿಯವರೆಗೆ, ಕ್ಲಾರ್ನೆಟ್ ಬಾಯಲ್ಲಿಟ್ಟುಕೊಂಡು, ಮುಖ ತಮ್ಮ ಬ್ಯಾಂಡಿನವರ ಕಡೆ, ಬೆನ್ನು ಹೋಗಬೇಕಾದ ಕಡೆ. ನಡುವೆ ಎಮ್ಮೆ ಮಲಗಿದ್ದರೆ ಬಳಸಿ ಹೋಗುತ್ತಿದ್ದರು. ಗಟಾರ ಬಂದರೆ ಕಾಲು ಉದ್ದ ಹಾಕಿ ದಾಟುತ್ತಿದ್ದರು. ಬಾಳೆಹಣ್ಣಿನ ಕೈಗಾಡಿಗೆ ಬೆನ್ನು ತಾಗಲು ಗೇಣು ಉಳಿದಾಗ ಮೀನಿನಂತೆ ಓರೆಯಾಗುತ್ತಿದ್ದರು. ಒಮ್ಮೆಯೂ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

"ಮದವಿ ಬ್ಯಾಂಡಿನ ಮಾಸ್ತರಗ ಬೆನ್ನಾಗ ಕಣ್ಣ ಇರಬೇಕ್ರೀ ಸರ," ಎನ್ನುತ್ತಿದ್ದರು. "ಮುಖದಾನ ಕಣ್ಣ ಢೋಲಿನವನ್ನ ಕಾಯಾಕ ಬೇಕು. ಇಲ್ಲಂದ್ರ ಅಂವಾ ನಡಬರಕ ಬೀಡಿ ಹಚ್ಚತಾನ."

ಢೋಲಿನವನೆಂದರೆ ಕಲ್ಲಪ್ಪ, ಮಾಸ್ತರರ ಹೆಂಡತಿ ಗಂಗವ್ವನ ತಮ್ಮ. ಬೀಡಿ ಹಚ್ಚುವ ವಿಷಯದಲ್ಲಿ ಮಾಸ್ತರರು ಹೇಳಿದ್ದು ಸುಳ್ಳಲ್ಲ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಇತಿಹಾಸ ಕಲಿಸಲೆಂದು ಖಾನಾಪುರಕ್ಕೆ ಬಂದಾಗ ನನಗೆ ಸಿಕ್ಕ ಬಾಡಿಗೆ ಖೋಲಿ ಅವರ ಮನೆಯ ಎದುರಿಗಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಕಾಣುವುದು ಕೆಂಪು ಕೋಟು, ಅದರ ಮೇಲೆ ಹಿತ್ತಾಳೆ ಗುಂಡಿ, ಕೆಳಗೆ ಧೋತರ, ಕೈಯಲ್ಲಿ ಹಾಲಿನ ತಂಬಿಗೆ. ಮದುವೆಯಿಲ್ಲದ ದಿನವೂ ಕೋಟು ಏಕೆ ಎಂದು ಕೇಳಿದ್ದಕ್ಕೆ, "ಉಣ್ಣಿ ಕೋಟ್ರೀ ಇದು. ಮನಷಾನ ಬೆವರು ಸಿಗಲಿಲ್ಲಂದ್ರ ಹುಳ ಹಿಡೀತೈತಿ," ಎಂದಿದ್ದರು. ಜನರನ್ನು ಅವರು ಮುಖಕ್ಕಿಂತ ನಡಿಗೆಯಿಂದ ಗುರುತಿಸುತ್ತಿದ್ದರು. "ಏನ್ರೀ ಸರ, ಇವತ್ತ ಎಡಗಾಲು ತಾಲ ಬಿಟ್ಟೈತಿ. ಹೊಟ್ಟಿ ಕೆಟ್ಟೈತೇನು?" ಎಂದು ಕಟ್ಟೆಯ ಮೇಲಿಂದ ಕೇಳುತ್ತಿದ್ದರು. ಬಹಳ ಸಲ ಹೊಟ್ಟೆ ಕೆಟ್ಟೇ ಇರುತ್ತಿತ್ತು. ಅದಕ್ಕೆ ಖಾನಾವಳಿ ಕಾರಣವೇ ಹೊರತು ಎಡಗಾಲಲ್ಲ ಎಂದು ನಾನು ವಾದಿಸಿದ್ದೂ ಉಂಟು.

ನಾನು ಡೈರಿ ಬರೆಯುವವನು. ಬರೆದಿಟ್ಟದ್ದನ್ನು ನಂಬಿ, ನೆನಪನ್ನು ಅನುಮಾನಿಸಿ ಎಂದು ವರ್ಗದಲ್ಲಿ ಹುಡುಗರಿಗೆ ಹೇಳುತ್ತ ಬಂದವನು. ಆದರೆ ಮಾಸ್ತರರ ವಿಷಯದಲ್ಲಿ ನನ್ನ ಡೈರಿ ಬಹಳ ಜಿಪುಣ. ಒಂದೊಂದು ಸಾಲು, ಅದರಲ್ಲೂ ಅರ್ಧ ಊಟದ ವಿಚಾರ. ಉಳಿದದ್ದೆಲ್ಲ ನೆನಪಿನ ಪಾಲು. ಓದುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಬೇಕು.

ಅವರ ಬ್ಯಾಂಡಿನ ಒಂದು ನಿಯಮವನ್ನು ಮಾತ್ರ ಮೊದಲೇ ಹೇಳಬೇಕು. ಆ ಬ್ಯಾಂಡಿನ ಯಾವ ಹಾಡಿಗೂ ಕೊನೆ ಎಂಬುದು ಇರಲಿಲ್ಲ. ಮದುಮಗನ ಕುದುರೆ ಹಂದರದ ಬಾಗಿಲಿಗೆ ಬರುತ್ತದೆ, ಹೆಣ್ಣಿನ ತಂದೆ ಕೈ ಎತ್ತುತ್ತಾನೆ, ಬ್ಯಾಂಡಿನ ಏಳೂ ಜನ ಉಸಿರು ಎಲ್ಲಿತ್ತೋ ಅಲ್ಲಿಗೆ ಕತ್ತರಿಸಿ ನಿಲ್ಲುತ್ತಾರೆ. ಸಾಲಿನ ನಡುವೆ ಇರಲಿ, ಸ್ವರದ ನಡುವೆ ಇರಲಿ, ಕೈ ಎದ್ದರೆ ಮುಗಿಯಿತು. ಮತ್ತೆ ಶುರು ಮಾಡುವುದಾದರೆ ಹಾಡಿನ ಬುಡದಿಂದಲೇ. "ನಡಬರಕ ಹಿಡ್ಯಾಕ ಬರೂದಿಲ್ರೀ. ಜ್ವಾಳದ ದಂಟೇನು ಅದು, ಎಲ್ಲಿ ಬೇಕಾದಲ್ಲಿ ಹಿಡ್ಯಾಕ?"

ಒಮ್ಮೆ ಒಂದು ಮೆರವಣಿಗೆಯಲ್ಲಿ ಹೆಣ್ಣಿನ ಸೋದರಮಾವ ಕಿವಿಯ ಬಳಿ ಬಂದ ಜೇನುಹುಳವನ್ನು ಓಡಿಸಲು ಕೈ ಎತ್ತಿದ. ನಡುಪೇಟೆಯಲ್ಲಿ ಬ್ಯಾಂಡ್ ಗಪ್ಪಾಯಿತು. ಬ್ಯಾಂಡಿನ ಸದ್ದಿಗೆ ಮಾತ್ರ ನಡೆದು ರೂಢಿಯಿದ್ದ ಕುದುರೆಯೂ ನಿಂತಿತು. ಮಾಸ್ತರರು ಬುಡದಿಂದ ಶುರು ಮಾಡಿದರು. ಹುಳ ಮತ್ತೆ ಬಂತು. ಇದು ಮೂರು ಸಲವೋ ನಾಲ್ಕು ಸಲವೋ ಆಯಿತು. ಮುಹೂರ್ತ ಮೀರುತ್ತಿದೆಯೆಂದು ಗಂಡಿನ ತಂದೆ ಸೋದರಮಾವನ ಎರಡೂ ಕೈ ಹಿಡಿದುಕೊಂಡು ನಡೆಸಬೇಕಾಯಿತು. ಅಳಿಯನಿಗಿಂತ ಮಾವನನ್ನೇ ಹಿಡಿದುಕೊಂಡು ಬಂದರು ಎಂದು ಊರು ನಕ್ಕಿತು. ಮಾಸ್ತರರು ನಗಲಿಲ್ಲ.

"ನಗೂದೇನೈತ್ರೀ ಇದರಾಗ?" ಎಂದರು ಆ ಸಂಜೆ ಕಟ್ಟೆಯ ಮೇಲೆ. "ಅಂವಾ ಕೈ ಎತ್ತ್ಯಾನಂತ ನಿಂತ್ವಿ. ಹಾಡು ನಿಂತಿದ್ದು ಒಬ್ಬರಿಗರ ಗೊತ್ತಾತೇನು? ಕುದರಿಗೆ ಗೊತ್ತಾತು. ಮೂವತ್ತ ವರ್ಷ ಊದೀನಿ ಸರ. ಒಬ್ಬ ಮನಷಾ ಕುಂತು ಕೇಳಿಲ್ಲ. ನಡಕೋತ ಕೇಳಿದ್ದು ಕೇಳಿದ್ದಲ್ಲ. ಕಾಲು ಕೇಳತಾವ, ಕಿವಿ ಕೇಳೂದಿಲ್ಲ."

ಅವರು ತಮಗಾಗಿ ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ: ಒಂದು ಸಲ, ಜನ ಕುಳಿತು ಕೇಳಬೇಕು.

ಹಾಗೆ ಕುಳಿತು ಕೇಳಿದವರು ಒಂದು ಮಳೆಗಾಲದಲ್ಲಿ ಬಂದರು. ಘಟ್ಟದಲ್ಲಿ ಮಣ್ಣು ಕುಸಿದು ಗೋವೆಯ ಗಾಡಿ ಖಾನಾಪುರದಲ್ಲೇ ನಿಂತಿತು. ಉಳಿದ ಪ್ರಯಾಣಿಕರು ಬೈಯುತ್ತ ಬಸ್ಸು ಹಿಡಿದರು. ನಾಲ್ಕು ಜನ ವಿದೇಶಿಯರು ಮಾತ್ರ ಊರು ಚೆನ್ನಾಗಿದೆಯೆಂದು ಉಳಿದರು. ನಾಲ್ಕು ದೇಶಗಳವರು, ಒಬ್ಬೊಬ್ಬರು ತಮ್ಮ ದೇಶದ ಹಳ್ಳಿಹಾಡುಗಳನ್ನು ಕೂಡಿಸಿಕೊಂಡು, ಒಂದು ಮೇಳ ಮಾಡಿ, ಊರೂರು ಬಾರಿಸುತ್ತ ಹೊರಟವರು. ಕೆಂಪು ಗಡ್ಡದವನ ಬಳಿ ಪಿಟೀಲು, ಎತ್ತರದ ಹೆಣ್ಣುಮಗಳ ಬಳಿ ತಮಟೆಯಂಥ ಒಂದು ಚರ್ಮವಾದ್ಯ, ಮುದುಕನ ಹೊಟ್ಟೆಗೆ ಕಟ್ಟಿದ ಹಾರ್ಮೋನಿಯಂ, ನಾಲ್ಕನೆಯವನ ಬಳಿ ಕೊಳಲು. ಕೊಳಲಿನವನಿಗೆ ಹಲ್ಲುನೋವು. ಸ್ಟೇಷನ್ನಿಗೆ ಹತ್ತಿರದ ಕಟ್ಟೆ ಮಾಸ್ತರರದಾದ್ದರಿಂದ ಮಳೆಗೆ ಅಲ್ಲಿ ಆಸರೆ ಪಡೆದರು.

ಅವರಿದ್ದದ್ದು ಎಷ್ಟು ದಿನ? ಮಾಸ್ತರರು ಹನ್ನೆರಡು ಎನ್ನುತ್ತಿದ್ದರು. ಡೈರಿ ನಾಲ್ಕು ಎನ್ನುತ್ತದೆ. ನನ್ನ ಮನಸ್ಸು ಒಂಬತ್ತಕ್ಕೆ ಒಪ್ಪುತ್ತದೆ. ಯಾವ ಆಧಾರವೂ ಇಲ್ಲ.

ಮೊದಲ ಸಂಜೆ ಮಾಸ್ತರರು ಕ್ಲಾರ್ನೆಟ್ ತೆಗೆದು ಮೆರವಣಿಗೆಯ ಧಾಟಿ ಊದಿದರು. ನಾಲ್ವರೂ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದರು. ಮಾಸ್ತರರು ಕೈ ಏಳುವುದನ್ನು ಕಾಯುತ್ತ ಊದಿದರು. ಕೈ ಏಳಲಿಲ್ಲ. ಮತ್ತೊಂದು ಸುತ್ತು ಊದಿದರು, ಇನ್ನೊಂದು ಸುತ್ತು. ಕೊನೆಗೆ ಗಂಗವ್ವ ಒಳಗಿಂದ ಸೌಟು ಹಿಡಿದುಕೊಂಡೇ ಬಂದು ಕೈ ಎತ್ತಿದಳು. "ಅನ್ನ ಆರಿ ಹೋತು. ಅವರು ನಿದ್ದಿ ಮಾಡ್ಯಾರೋ ಸತ್ತಾರೋ ನೋಡ್ರಿ ಮೊದಲ!"

ಅವರು ನಿದ್ದೆ ಮಾಡಿರಲಿಲ್ಲ. ಕೆಂಪು ಗಡ್ಡದವನು ಆ ಧಾಟಿಯನ್ನು ಪಿಟೀಲಿನ ಮೇಲೆ ಅಲ್ಲಿಯೇ ಬಾರಿಸಿ ತೋರಿಸಿದ. ಅಂದಿನಿಂದ ಕೊಟ್ಟು ತೆಗೆದುಕೊಳ್ಳುವುದು ನಡೆಯಿತು. ನಡುವೆ ದುಭಾಷಿಯಾಗಿ ನಾನು ಕುಳಿತೆನಾದರೂ ನನ್ನ ಇಂಗ್ಲಿಷು ಯಾರಿಗೂ ಬೇಕಾಗಲಿಲ್ಲ. ನಾಲ್ಕು ದೇಶಗಳ ನಾಲ್ಕು ಹಾಡುಗಳನ್ನು ಮಾಸ್ತರರು ಕಲಿತರು, ದೇಶದ ಹೆಸರನ್ನು ಕೇಳಲೇ ಇಲ್ಲ. ಹೆಸರನ್ನು ತಾವೇ ಇಟ್ಟರು: ಕೆಂಪು ಗಡ್ಡದವನ ಹಾಡು, ಖಾರ ತಿಂದಾಕಿ ಹಾಡು, ಹಲ್ಲುನೋವಿನವನ ಹಾಡು, ಮುದುಕಪ್ಪನ ಹಾಡು. ಖಾರ ತಿಂದಾಕಿ ಎಂದರೆ ಆ ಎತ್ತರದ ಹೆಣ್ಣುಮಗಳು; ಗಂಗವ್ವನ ಕೆಂಪು ಖಾರವನ್ನು ಜಾಮೆಂದು ತಿಳಿದು ರೊಟ್ಟಿಗೆ ಬಳಿದುಕೊಂಡಿದ್ದಳು.

ಗಾಡಿ ಬಿಟ್ಟು ನಾಲ್ವರೂ ಹೋದ ಮೇಲೆ ಬ್ಯಾಂಡಿನವರಿಗೆಲ್ಲ ಆ ನಾಲ್ಕು ಹಾಡು ಕಲಿಸಿದರು. ಖಾನಾಪುರ ತಾಲೂಕಿನ ಎಷ್ಟೋ ಮದುಮಗಂದಿರು ಯಾವುದೋ ದೇಶದ ಹಲ್ಲುನೋವಿನವನ ಹಾಡಿಗೆ ಕುದುರೆ ಹತ್ತಿದರು. "ಯಾಕ ಮಾಸ್ತರ, ನಮ್ಮವು ಹಾಡಿಲ್ಲೇನು?" ಎಂದು ಕೇಳಿದರೆ ಅವರ ಉತ್ತರ ಒಂದೇ: "ಅವರು ಕುಂತಿದ್ರು."

ಮುಂದೆ ನನಗೆ ಬೆಳಗಾವಿಗೆ ವರ್ಗವಾಯಿತು. ಆ ಊರಿನ ಶಹಾಪುರ ಭಾಗದಲ್ಲಿ ನಿಂತುಹೋಗಿದ್ದ ಒಂದು ಮಗ್ಗದ ಶೆಡ್ಡಿನಲ್ಲಿ ನಾವು ಕೆಲವರು ಸೇರಿ ಕಾಫಿ ಹೌಸ್ ನಡೆಸುತ್ತಿದ್ದೆವು. ಶಾಲೆಯ ಮಾಸ್ತರರು, ಬ್ಯಾಂಕಿನವರು, ದರ್ಜಿಗಳು, ನೇಕಾರರು. ವಂತಿಗೆ ಹಾಕಿ, ಪಾಳಿಯ ಮೇಲೆ ನಾವೇ ಒಲೆ ಹೊತ್ತಿಸಿ, ನಾವೇ ಕಪ್ಪು ತೊಳೆದು. ಹೆಸರು ಕಾಫಿ ಹೌಸ್, ಕುಡಿಯುವವರು ಚಹಾದವರು. ಅಧ್ಯಕ್ಷರು ದೇಸಾಯಿ ವಕೀಲರು. ಓದುವವರಿಗೆ ಗದ್ದಲವಾಗಬಾರದೆಂದು ಅವರು ಒಂದು ಕಾನೂನು ಮಾಡಿದ್ದರು: ಕೂಗಬಾರದು, ಚಹಾ ಬೇಕಾದವರು ಒಂದು ಕೈ ಎತ್ತಬೇಕು, ಕಾಫಿ ಬೇಕಾದವರು ಎರಡು.

ಅಲ್ಲಿ ಭಾನುವಾರ ಸಂಜೆ ಹಾಡು ಇಡಬೇಕೆಂದು ಎಲ್ಲರಿಗೂ ಆಸೆ. ಕನ್ನಡ ಹಾಡೆಂದರೆ ಅರ್ಧ ಸದಸ್ಯರ ಮುಖ ಗೋಡೆಯ ಕಡೆಗೆ, ಮರಾಠಿ ಹಾಡೆಂದರೆ ಉಳಿದರ್ಧದ್ದು. ಬೆಳಗಾವಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಚಿತ್ರವೆಂದರೆ ಎರಡೂ ಬದಿಯವರು ಮನೆಯಲ್ಲಿ ಎರಡೂ ಹಾಡು ಗುನುಗುವವರೇ. ಮೂರು ಸಭೆ ಮುರಿದ ಮೇಲೆ ದೇಸಾಯರು ಮೇಜು ಕುಟ್ಟಿದರು. "ಯಾರಿಗೂ ತಿಳೀಲಾರದ್ದು ಯಾವದರ ಹಾಡಿದ್ರ ತರ್ರೆಪಾ! ಕೂಡೇ ತಿಳೀಲಾರದವರಾಗೂಣು."

ನಾನು ಪುಂಡಲೀಕ ಮಾಸ್ತರರ ಹೆಸರು ಹೇಳಿದೆ. ವಿರೋಧಿಸಲು ಯಾರಿಗೂ ಕಾರಣ ಸಿಗಲಿಲ್ಲ. ಆ ಸಭೆಯಲ್ಲಿ ಸರ್ವಾನುಮತದಿಂದ ಪಾಸಾದ ಠರಾವು ಅದೊಂದೇ.

ಖಾನಾಪುರಕ್ಕೆ ಹೋಗಿ ತಿಳಿಸಿದಾಗ ಮಾಸ್ತರರು ಮೊದಲು ಕೇಳಿದ್ದು, "ಖುರ್ಚೆ ಅದಾವೇನ್ರೀ?"

"ಅದಾವ್ರಿ. ಕುಂದರಾಕ ಉದ್ದನ್ನ ಬಾಕೂ ಅದಾವು."

"ಎಲ್ಲಾರೂ ಕುಂದರ್ತಾರು?"

"ಕಾಫಿ ಹೌಸ್ ಮಾಸ್ತರ. ಕುಂದರದೇನು ಮಾಡತಾರು?"

ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಆಮೇಲೆ, "ಒಂದ ಕೆಲಸ ನಿಮ್ಮ ಪಾಲಿಗಿರಲಿ. ಮಂದಿಗೆ ಬ್ಯಾಸರಾಗೂ ಮೊದಲ ನೀವು ಕೈ ಎತ್ತರಿ. ನಮಗ ನಿಂದ್ರೂದು ಗೊತ್ತಿಲ್ಲ," ಎಂದರು.

ಆ ಭಾನುವಾರ ನಾಲ್ಕು ಗಂಟೆಗೆ ಏಳು ಕೆಂಪು ಕೋಟುಗಳು ಬಸ್ಸಿನಿಂದ ಇಳಿದವು. ಹಿಂದೆ ಗಂಗವ್ವ, ಸೂಜಿದಾರದ ಡಬ್ಬಿಯೊಡನೆ. "ಊದೂಮುಂದ ಗುಂಡಿ ಹಾರತಾವ್ರೀ ಇವರವು," ಎಂದಳು. ಪುಸ್ತಕದ ಕಪಾಟಿಗೂ ಚಹಾದ ಒಲೆಗೂ ನಡುವೆ ನಾವು ಹಲಗೆ ಹಾಕಿದ್ದೆವು. ಏಳೂ ಜನ ಅದರ ಮೇಲೆ ಒತ್ತಿಕೊಂಡು ನಿಂತರು. ಶೆಡ್ಡು ತುಂಬಿತ್ತು.

"ನಮಸ್ಕಾರ್ರೀ," ಎಂದರು ಮಾಸ್ತರರು. "ಇದು ಖಾರ ತಿಂದಾಕಿ ದೇಶದ ಹಾಡು."

"ಅದ್ಯಾವ ದೇಶ್ರೀ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಕಾಶೆದಾಗ ನೋಡಿಲ್ರೀ. ಆಕಿ ನಮ್ಮ ಕಟ್ಟಿ ಮ್ಯಾಲ ಕುಂತಿದ್ಲು, ಅಷ್ಟ ಗೊತ್ತು."

ಶುರು ಮಾಡಿದರು. ನಾಲ್ಕು ಸಾಲು ಹೋಗುವಷ್ಟರಲ್ಲಿ ಏನೋ ಕೆಟ್ಟಿತು. ಕಲ್ಲಪ್ಪನ ಢೋಲು ಹಿಂದೆ ಬಿತ್ತು. ಹಿತ್ತಾಳೆ ತಾಳ ಬಡಿಯುವ ಝಾಂಜಿನವನು ಅದನ್ನು ಹುಡುಕುತ್ತ ಮುಂದೆ ಹೋದ. ಮಾಸ್ತರರ ಕ್ಲಾರ್ನೆಟ್ ನಡುವೆ ಒಂಟಿಯಾಗಿ ಕೂಗಾಡಿತು. ಕಲಿತ ಹಾಡೇ, ನೂರಾರು ಸಲ ಬಾರಿಸಿದ್ದೇ. ಯಾರಿಗೂ ಏನಾಗುತ್ತಿದೆಯೆಂದು ತಿಳಿಯಲಿಲ್ಲ.

ದೇಸಾಯರು ಬಾಯಿಗೆ ವಸ್ತ್ರ ಹಿಡಿದುಕೊಂಡು, "ಮಾಸ್ತರ, ಆ ದೇಶದಾಗ ಭೂಕಂಪ ಏನರ ಆಗಿತ್ತೇನ್ರೀ?" ಎಂದರು. ಶೆಡ್ಡು ನಕ್ಕಿತು.

ಮಾಸ್ತರರು ಊದುವುದನ್ನು ಬಿಟ್ಟರು. ಕ್ಲಾರ್ನೆಟ್ಟಿನ ಬಾಯನ್ನು ತಿರುವಿ ತೆಗೆಯತೊಡಗಿದರು, ಪೆಟ್ಟಿಗೆಗೆ ಹಾಕಲು. ಅವರ ಕಿವಿಗಳು ಕೋಟಿಗಿಂತ ಕೆಂಪಾಗಿದ್ದವು. ನಾನು ನೆಲ ನೋಡಿದೆ. ಕರೆಸಿದವನು ನಾನು.

ಆಗ ಬಾಗಿಲ ಬಳಿಯಿಂದ ಗಂಗವ್ವನ ದನಿ. "ನಿಂತೀರಲ್ಲ ಗೂಟ ಬಡದಂಗ! ಜೀವಮಾನದಾಗ ನಿಂತು ಯಾವಾಗ ಊದೀರಿ ನೀವು? ನಡೀರಿ! ಕಲ್ಯಾ, ಕಾಲು ಎತ್ತೋ!"

ಅಷ್ಟೇ ಆಗಿದ್ದದ್ದು. ಇಪ್ಪತ್ತು ಮೂವತ್ತು ವರ್ಷ ಅವರ ತಾಲ ಇದ್ದದ್ದು ಕಾಲಿನಲ್ಲಿ. ಕಾಲು ನಿಂತರೆ ತಾಲ ಎಲ್ಲಿಂದ ಬರಬೇಕು?

ನಾವು ಎದ್ದು ಮೇಜುಗಳನ್ನು ಸರಿಸಿ ಒಂದು ಓಣಿ ಮಾಡಿದೆವು. ಮಾಸ್ತರರು ಹಲಗೆಯಿಂದ ಇಳಿದು, ಬೆನ್ನು ನಮ್ಮ ಕಡೆ ಮಾಡಿ, ಹಿಂದಕ್ಕೆ ಮೊದಲ ಹೆಜ್ಜೆ ಇಟ್ಟರು. ಕಲ್ಲಪ್ಪನ ಕಾಲು ಎದ್ದಿತು, ಅದರ ಬೆನ್ನಿಗೆ ಢೋಲು. ಹಾಡು ಸರಿಯಾಗಿ ಕೂತಿತು. ಮೇಜುಗಳ ಸುತ್ತ, ಕಪ್ಪುಗಳ ನಡುವೆ, ಕಪಾಟಿನ ಮಗ್ಗುಲಿಗೆ, ಒಂದು ಬಸಿಯನ್ನೂ ತಾಗಿಸದೆ ಮಾಸ್ತರರ ಬೆನ್ನು ಹಾದುಹೋಗುತ್ತಿತ್ತು. ನಗುವವರ ಬಾಯಿ ಹಾಗೆಯೇ ನಿಂತಿತು.

ಅಷ್ಟರಲ್ಲಿ ಬ್ಯಾಂಕಿನ ಕಾರಕೂನರೊಬ್ಬರು ಒಂದು ಕೈ ಎತ್ತಿದರು. ಬ್ಯಾಂಡ್ ಗಪ್ಪಾಯಿತು.

ಹಾಡು ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು. ಮಾಸ್ತರರು ನನ್ನ ಕಡೆ ನೋಡಿದರು; ಕೈ ಎತ್ತಿದವನು ನಾನಲ್ಲವೆಂದು ತಲೆಯಾಡಿಸಿದೆ. ಬುಡದಿಂದ ಶುರು. ಎರಡು ಸುತ್ತು ಹೋಗಿರಬೇಕು, ಮೂಲೆಯ ಮುದುಕರೊಬ್ಬರು ಎರಡೂ ಕೈ ಎತ್ತಿದರು. ಮತ್ತೆ ಗಪ್ಪು. ಕಲ್ಲಪ್ಪ ಗಾಬರಿಯಾದ. "ಮಾವಾ, ಈ ಸಲ ಎರಡೂ ಕೈ ಎತ್ತ್ಯಾರು! ಏನೋ ಭಾರೀ ತಪ್ಪಾಗೇತಿ!"

"ತಪ್ಪಲ್ಲೋ ಮಾರಾಯಾ, ಕಾಫಿ!" ಎಂದು ನಾನು ಕೂಗಿದೆ. ಕೂಗಬಾರದೆಂಬ ಕಾನೂನು ಆ ದಿನ ಮುರಿದದ್ದು ಹೀಗೆ.

ದೇಸಾಯರು ಎದ್ದುನಿಂತರು. ಕೋರ್ಟಿನಲ್ಲಿ ಕೂಡ ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿದವರಿಲ್ಲ. "ಯಾರೂ ಕೈ ಎತ್ತಬ್ಯಾಡ್ರಿ! ಚಹಾ ಬಂದ್! ಎಲ್ಲಾರೂ ಕೈ ತೊಡಿ ಬುಡಕ ಇಟಗೊಂಡು ಕುಂದರ್ರಿ!"

ಹೀಗೆ ಕನ್ನಡದವರೂ ಮರಾಠಿಯವರೂ ತಮ್ಮ ತಮ್ಮ ಕೈಗಳ ಮೇಲೆ ತಾವೇ ಕುಳಿತು, ಹೆಸರು ಗೊತ್ತಿಲ್ಲದ ದೇಶದ ಹಾಡು ಕೇಳಿದರು. ಮೂಗು ತುರಿಸಿದರೂ ಯಾರೂ ಕೈ ತೆಗೆಯಲಿಲ್ಲ. ಖಾರ ತಿಂದಾಕಿ ಹಾಡು ತಾನಾಗಿಯೇ ಕೆಂಪು ಗಡ್ಡದವನ ಹಾಡಿಗೆ ಹೊರಳಿತು, ಅದು ಮುದುಕಪ್ಪನದಕ್ಕೆ. ನಿಲ್ಲಿಸುವವರು ಯಾರು? ನಾನು. ನನ್ನ ಪಾಲಿನ ಕೆಲಸ ಅದೊಂದೇ. ಕೈ ನನ್ನ ತೊಡೆಯ ಕೆಳಗೇ ಇತ್ತು. ಮಾಸ್ತರರು ಸುತ್ತು ಬಂದಾಗಲೆಲ್ಲ ಕಣ್ಣಂಚಿನಿಂದ ನನ್ನನ್ನು ನೋಡುತ್ತಿದ್ದರು; ಎತ್ತಲಿ ಎಂದೋ, ಎತ್ತದಿರಲಿ ಎಂದೋ, ನನಗೆ ತಿಳಿಯಲಿಲ್ಲ. ನಾನು ಬೇಕೆಂದೇ ಎತ್ತಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮರೆತಿದ್ದರೂ ಇರಬಹುದು. ಕೇಳುತ್ತ ಕುಳಿತಿದ್ದೆ.

ಕೊನೆಗೆ ನಿಲ್ಲಿಸಿದ್ದು ಖಾನಾಪುರದ ಏಳರ ಬಸ್ಸು. ಅಥವಾ ನಿಲ್ಲಿಸಲಿಲ್ಲ ಎನ್ನಬೇಕು. ಗಂಗವ್ವ ಗಡಿಯಾರ ನೋಡಿ ಬಾಗಿಲು ತೆರೆದು ಹಿಡಿದಳು. ಮಾಸ್ತರರು ಊದುತ್ತಲೇ ಹಿಮ್ಮುಖವಾಗಿ ಹೊಸ್ತಿಲು ದಾಟಿದರು, ಒಬ್ಬೊಬ್ಬರಾಗಿ ಆರು ಕೆಂಪು ಕೋಟುಗಳು ಹಿಂದೆ. ಬ್ಯಾಂಡ್ ಗೋವಾವೇಸಿನ ಬಸ್ ಸ್ಟಾಪಿನ ಕಡೆಗೆ ನಡೆಯಿತು. ನಾವು ಕೈಗಳ ಮೇಲೆ ಹಾಗೆಯೇ ಕುಳಿತಿದ್ದೆವು. ಢೋಲು ಮೊದಲು ದೂರವಾಯಿತು, ಆಮೇಲೆ ಝಾಂಜು; ಕ್ಲಾರ್ನೆಟ್ ಮಾತ್ರ ಸೈಕಲ್ ಗಂಟೆಗಳ ನಡುವೆ ಬಹಳ ಹೊತ್ತು ಕೇಳಿಸುತ್ತಿತ್ತು. ಯಾವಾಗ ನಿಂತಿತೋ ಹೇಳಲು ಬರುವುದಿಲ್ಲ.

ಆ ದಿನದ ಡೈರಿ ಹೀಗಿದೆ: "ಬ್ಯಾಂಡ್ ಆಯಿತು. ಉಪ್ಪಿಟ್ಟು ಸಾಲಲಿಲ್ಲ. ದೇಸಾಯರು ನಡುವೆ ಎದ್ದು ಹೋದರು." ನನ್ನ ನೆನಪಿನಲ್ಲಿ ದೇಸಾಯರು ಕಣ್ಣು ಮುಚ್ಚಿ, ಕೈ ತೊಡೆಯ ಕೆಳಗಿಟ್ಟು, ಕೊನೆಯವರೆಗೆ ಕುಳಿತಿದ್ದಾರೆ. ಡೈರಿ ಅದೇ ರಾತ್ರಿ ಬರೆದದ್ದು. ನೆನಪು ಆಮೇಲೆ ಬೆಳೆದದ್ದು. ಯಾವುದನ್ನು ನಂಬಬೇಕೆಂದು ವರ್ಗದಲ್ಲಾದರೆ ತಟ್ಟನೆ ಹೇಳುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಗಳಿಗೆ ಕೈಗಾಡಿಯ ಮೇಲೆ ಕ್ಯಾಸೆಟ್ಟು, ಧ್ವನಿವರ್ಧಕದ ಎರಡು ಕರ್ಣ ಬಂದವು. ಕಲ್ಲಪ್ಪ ಮಚ್ಛೆಯ ಒಂದು ಕಾರ್ಖಾನೆಗೆ ವಾಚ್‌ಮನ್ ಆಗಿ ಸೇರಿದ; ಬೀಡಿಗೆ ತಡೆಯಿಲ್ಲದ ಕೆಲಸ. ಮಾಸ್ತರರು ತೀರಿಕೊಂಡ ಸುದ್ದಿ ಹೇಳಿದವನು ಅವನೇ, ಹದಿನೈದು ದಿನ ತಡವಾಗಿ. ಅದಕ್ಕೆ ಕೆಲವು ತಿಂಗಳ ಹಿಂದೆ ನಾನು ಖಾನಾಪುರಕ್ಕೆ ಹೋಗಿದ್ದೆ. ಮುಂದಿನ ಹಲ್ಲು ಬಿದ್ದು ಕ್ಲಾರ್ನೆಟ್ ಟ್ರಂಕು ಸೇರಿತ್ತು. ಕೆಂಪು ಕೋಟು ಮೈಮೇಲೇ ಇತ್ತು. ಚಹಾ ಆದ ಮೇಲೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಕಳಿಸಲು ಬಂದರು. ಮಾತಾಡಲು ಅನುಕೂಲವೆಂದು ನನ್ನ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ.

"ಸರ, ಒಂದ ಮಾತು ಕೇಳೂದೈತಿ. ಆವತ್ತ ಬಾಗಲಾ ದಾಟೂಮುಂದ ನಾ ನೋಡಿದೆ. ಹಿಂದಕ ನಡ್ಯಾವಗ ಇದೊಂದು ಲಾಭ, ಬಿಟ್ಟು ಹೋಗೂದೆಲ್ಲಾ ಕಾಣತೈತಿ. ಎಲ್ಲಾರೂ ಕುಂತಿದ್ರು. ನಡಬರಕ ಒಬ್ಬರೂ ಎದ್ದಿದ್ದಿಲ್ಲ. ಹೌದಲ್ರೀ?"

"ಒಬ್ಬರೂ ಎದ್ದಿದ್ದಿಲ್ಲ ಮಾಸ್ತರ."

"ಖರೇ?"

"ಖರೇ."

ಬೆನ್ನ ಹಿಂದೆ ನಿಂತಿದ್ದ ಎಮ್ಮೆಯೊಂದನ್ನು ಬಳಸಿ, ಅವರು ತೃಪ್ತಿಯಿಂದ ತಲೆಯಾಡಿಸಿದರು.

ಬಸ್ಸಿನಲ್ಲಿ ನನಗೆ ಕಿಟಕಿ ಸಿಕ್ಕಿತು. ಮಾಸ್ತರರು ಹೊರಗೆ ನಿಂತು ಬಸ್ಸಿನ ತಗಡಿನ ಮೇಲೆ ಅಂಗೈಯಿಂದ ತಾಲ ಹಾಕುತ್ತ, ಬೋಳುಬಾಯಲ್ಲೇ ಕೆಂಪು ಗಡ್ಡದವನ ಹಾಡು ಗುನುಗಲು ಶುರು ಮಾಡಿದರು. ಬಸ್ಸು ಹೊರಟಿತು. ಅವರೂ ಜೊತೆಗೇ ನಡೆದರು, ಗುನುಗುತ್ತ, ಈ ಸಲ ಎಲ್ಲರ ಹಾಗೆ ಮುಂದಕ್ಕೆ. ಬಸ್ಸಿಗೆ ವೇಗ ಬಂತು. ಹೋಗಿ ಬರುತ್ತೇನೆಂದು ನಾನು ಕಿಟಕಿಯಿಂದ ಕೈ ಎತ್ತಿದೆ.

ಮಾಸ್ತರರು ಗಪ್ಪಾದರು. ಸಾಲಿನ ನಡುವೆ, ಎತ್ತಿದ ಕಾಲು ಎತ್ತಿದ ಹಾಗೆ.

ಥಟ್ಟನೆ ಕೈ ಕೆಳಗಿಳಿಸಿದೆ. ಬಸ್ಸು ಆಗಲೇ ತಿರುವಿಗೆ ಬಂದಿತ್ತು. ಬುಡದಿಂದ ಮತ್ತೆ ಶುರು ಮಾಡಿರಬೇಕು. ನನಗೆ ಕೇಳಿಸಲಿಲ್ಲ.